ಎಂಟಾಣೆಯ ರಸೀದಿ

ಮೂರನೆಯ ಸ್ಕ್ರೂ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಸ್ಟೂಲಿನ ಮೇಲೆ ನಿಂತಿದ್ದ ಶಹೀದ್ ಕೆಳಕ್ಕೆ ಕೈ ಚಾಚಿದ. ಬಸವಪ್ರಭು ಅಡುಗೆಮನೆಯ ಚಾಕು ಕೊಟ್ಟ.

"ಗ್ವಾಡೀನ ಕಿತ್ಕೊಂಡು ಹೋಗ್ತೀರೇನ್ ಭಾಯಿ?"

"ಇಪ್ಪತ್ತು ವರ್ಷದಲ್ಲಿ ಈ ಗೋಡೆಗೆ ನಾನು ಹೊಡೆದದ್ದು ಇದೊಂದೇ ಮಾರಾಯ."

ಚೌಕಟ್ಟು ಕೈಗೆ ಬಂತು. ಗಾಜಿನ ಹಿಂದೆ ಅಂಗೈಯಗಲದ ಹಳದಿ ಕಾಗದ. 1911ರಲ್ಲಿ ಅಲಿಗಢದ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕೆಂದು ಮುಸ್ಲಿಮರು ಊರೂರಲ್ಲಿ ಚಂದಾ ಎತ್ತುತ್ತಿದ್ದಾಗ, ಉಳ್ಳಾಲದಲ್ಲಿ ಒಣಮೀನು ಮಾರುತ್ತಿದ್ದ ಶಹೀದನ ಮುತ್ತಜ್ಜ ಎಂಟಾಣೆ ಕೊಟ್ಟು ಪಡೆದ ರಸೀದಿ. ಅದರಲ್ಲಿ ಏನು ಬರೆದಿದೆಯೆಂದು ಓದಲು ಆ ಮುತ್ತಜ್ಜನಿಗೆ ಬರುತ್ತಿರಲಿಲ್ಲ. ವಂಶದಲ್ಲಿ ಅಲಿಗಢಕ್ಕೆ ಹೋಗಿ ಓದಿದವನು ಶಹೀದ್ ಒಬ್ಬನೇ. ಎರಡು ವರ್ಷದ ಮೇಲೆ ಅದೇ ಹಾಸ್ಟೆಲಿಗೆ ವಿಜಯಪುರದಿಂದ ಬಸವಪ್ರಭು ಬಂದ. ಮೊದಲ ವಾರವೆಲ್ಲ ಊಟ ಸೇರದೆ ಕಣ್ಣೀರು ಹಾಕುತ್ತಿದ್ದ ಅವನಿಗೆ, ಶಹೀದ್ ಮೆಸ್ಸಿನವನನ್ನು ಕಾಡಿ ಬೇಡಿ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿ ಕೊಡಿಸಿದ್ದ.

ನಾಳೆ ಊರಿಗೆ ಶಹೀದನ ವಿಮಾನ. ಒಮಾನಿನ ರುಸೈಲ್‌ನಲ್ಲಿದ್ದ ಟೈಲ್ಸ್ ಕಾರ್ಖಾನೆ ಅವನ ವಿಭಾಗವನ್ನೇ ಮುಚ್ಚಿತ್ತು. ವೀಸಾ ಖಲಾಸ್.

"ಅಲಿಗಢ ಅಲ್ಪಸಂಖ್ಯಾತರ ಸಂಸ್ಥೆ ಹೌದೋ ಅಲ್ಲೋ ಅನ್ನೋ ಆ ಕೇಸ್ ಏನಾತ್ರಿ?" ಕೇಳದಿದ್ದರೆ ಚೆನ್ನಾಗಿರುವುದಿಲ್ಲ ಎನ್ನುವಂತೆ ಬಸವಪ್ರಭು ಕೇಳಿದ.

"ಏನಾಗುವುದು? ಅರವತ್ತೇಳರಲ್ಲಿ ಸುಪ್ರೀಂ ಕೋರ್ಟು ಹೇಳಿತು, ವಿಶ್ವವಿದ್ಯಾಲಯ ಕಟ್ಟಿದ್ದು ಮುಸ್ಲಿಮರಲ್ಲ, ಸರ್ಕಾರದ 1920ರ ಕಾಯ್ದೆ ಅಂತ. ಇಪ್ಪತ್ನಾಲ್ಕರಲ್ಲಿ, ಆ ತರ್ಕ ಸರಿಯಲ್ಲ, ಯಾರು ಕಟ್ಟಿದ್ದು ಅಂತ ಇನ್ನೊಂದು ಪೀಠ ನೋಡಲಿ ಅಂದರು. ನಾನು ಇದರ ಜೆರಾಕ್ಸ್ ಮೂರು ವಕೀಲರಿಗೆ ಕಳಿಸಿದೆ. ಒಬ್ಬರು ಕೈ ಮುಗಿಯುವ ಇಮೋಜಿ ಹಾಕಿದರು."

ಇಬ್ಬರೂ ನಕ್ಕರು. ಶಹೀದ್ ಸ್ಟೂಲಿನಿಂದ ಇಳಿದು, ಹಳೆಯ ಬನಿಯನ್ನಿನಿಂದ ಗಾಜು ಒರೆಸಿ, ಚೌಕಟ್ಟನ್ನು ಬಸವಪ್ರಭುವಿನ ಮುಂದೆ ಹಿಡಿದ.

"ಇದು ನಿನ್ನ ಹತ್ರ ಇರಲಿ."

"ನನ್ ಹತ್ರ ಯಾಕ್ರಿ?"

"ನನ್ನ ಕೈಯಲ್ಲಿದ್ದರೆ ನಾವೇ ಬರೆದುಕೊಂಡದ್ದು ಅಂತಾರೆ. ನಿನ್ನ ಮನೆಯಲ್ಲಿದ್ದರೆ ನಂಬಿಯಾರು. ಯಾರಾದರೂ ಕೇಳಿದರೆ ನಾನೂ ಅಲ್ಲೇ ಓದಿದವನು ಅಂತ ಹೇಳು, ಸಾಕು."

ಬಸವಪ್ರಭು ಮೊಬೈಲ್ ತೆಗೆದು ನೋಡಿದ. ಯಾವ ಮೆಸೇಜೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಕನ್ನಡ ಸಂಘದ ಡೈರೆಕ್ಟರಿಯಲ್ಲಿ ಎಲ್ಲರ ಕಾಲೇಜಿನ ಹೆಸರೂ ಪೂರ್ತಿ ಇತ್ತು. ಬಸವಪ್ರಭುವಿನ ಹೆಸರಿನ ಮುಂದೆ ಮಾತ್ರ 'ಎಂ.ಎಸ್ಸಿ., ಉತ್ತರ ಭಾರತ' ಎಂದಿತ್ತು. ಅದು ಪ್ರೆಸ್ಸಿನವರ ತಪ್ಪು ಎಂದು ಶಹೀದ್ ತನಗೆ ತಾನೇ ಹೇಳಿಕೊಂಡು ಸುಮ್ಮನಾಗಿದ್ದ.

"ಹೆಂಡತಿ ಬೈತಾಳಾ?"

"ಅಕೀ ಏನೂ ಅನ್ನಂಗಿಲ್ರಿ. ಮಂದಿ ಬರ್ತಾರ ಮನಿಗೆ. ಆಫೀಸಿನವರು, ಬೀಗರು. ನೋಡ್ತಾರ."

"ಗೋಡೆಗೆ ಹಾಕಬೇಡ. ಕಪಾಟಿನಲ್ಲಿಡು. ಬಟ್ಟೆಯ ಅಡಿಗೆ."

ಶಹೀದನ ಕೈ ಚಾಚಿಕೊಂಡೇ ಇತ್ತು. ಬಸವಪ್ರಭು ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ," ಅಂದ.