ಬಣ್ಣದ ತೊಟ್ಟಿಯ ಹೀಟರ್

ಮೊಳಕಾಲ್ಮೂರಿನಲ್ಲಿ ಚಂದ್ರಣ್ಣ ರೇಷ್ಮೆಗೆ ಬಣ್ಣ ಹಾಕಿಸುವ ಶೆಡ್ಡು ನಡೆಸುತ್ತಿದ್ದ. ಅಲ್ಲಿ ಕೆಲಸಕ್ಕಿದ್ದ ಮಾರುತೇಶ ಕರೆಂಟು ಹೊಡೆದು ಸತ್ತ. ತೊಟ್ಟಿಯ ನೀರು ಕಾಯಿಸುವ ಹೀಟರಿನ ಕೊಳವೆ ಸೀಳಿತ್ತು. ಬದಲಿಸಿ ಎಂದು ಅವನು ಎಷ್ಟೋ ಸಲ ಕೇಳಿದ್ದ. ರೇಷ್ಮೆ ನೂಲಿನ ಲಡಿ ಎತ್ತಲು ನೀರಿಗೆ ಕೈ ಇಟ್ಟವನು ಅಲ್ಲೇ ಕುಸಿದ. ಹುಡುಗ ಕುಡಿದು ಬಂದು ಸ್ವಿಚ್ ಆರಿಸದೆ ಕೈ ಹಾಕಿದ ಎಂದು ಚಂದ್ರಣ್ಣ ಊರೆಲ್ಲ ಸಾರಿದ. ಮಾರುತೇಶ ಹೆಂಡ ಮುಟ್ಟಿದವನೇ ಅಲ್ಲ. ಅವನ ಹೆಂಡತಿ ಜಗದಾಂಬಳ ಹೊಟ್ಟೆಯಲ್ಲಿ ಆ ಸುಳ್ಳು ಕೆಂಡದಂತೆ ಕೂತಿತು.

ಅವಳು ಚಳ್ಳಕೆರೆಗೆ ಬಂದು ಸೋದರಮಾವ ಪಾತಣ್ಣನ ಅಂಗಡಿ ಸೇರಿದಳು. ಎಣ್ಣೆ ಮಿಲ್ಲುಗಳಿಗೆ ಹೀಟರ್ ಮಾಡಿಕೊಡುವ ಅಂಗಡಿ ಅದು. ಸುರುಳಿ ತಂತಿಯನ್ನು ಉಕ್ಕಿನ ಕೊಳವೆಯೊಳಗಿಟ್ಟು, ಅದು ಕೊಳವೆಗೆ ತಾಗದಂತೆ ಸುತ್ತಲೂ ಬಿಳಿ ಪುಡಿ ಒತ್ತಿ ತುಂಬುವುದನ್ನು ಕಲಿತಳು.

ಮದುವೆಗಳ ಕಾಲದಲ್ಲಿ ಚಂದ್ರಣ್ಣನ ಆಳು ಸುಟ್ಟ ಹೀಟರ್ ಹಿಡಿದು ಬಂದ. ಪಾತಣ್ಣ ಆಗುವುದಿಲ್ಲ ಎನ್ನುವಷ್ಟರಲ್ಲಿ, ಹೊಸದನ್ನು ನಾನೇ ಮಾಡುತ್ತೇನೆ ಎಂದಳು ಜಗದಾಂಬ.

ಪುಡಿ ಸಡಿಲ ಬಿಟ್ಟರೆ ಸಾಕಿತ್ತು, ತಂತಿ ಕೊಳವೆಗೆ ತಾಗಿ ನೀರಿಗೆ ಕರೆಂಟು ಹರಿಯುತ್ತಿತ್ತು. ಅರ್ಧ ಕೊಳವೆ ಹಾಗೆಯೇ ತುಂಬಿದಳು. ಆದರೆ ಈಗ ಅಲ್ಲಿ ಲಡಿ ಎತ್ತುವವಳು ಯರ್ರಮ್ಮ. ಚಂದ್ರಣ್ಣ ಎಂದೂ ನೀರು ಮುಟ್ಟುವವನಲ್ಲ. ಎಲ್ಲ ಸುರಿದು, ಮೊದಲಿನಿಂದ ಗಟ್ಟಿಯಾಗಿ ತುಂಬಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮೊಳಕಾಲ್ಮೂರಿನ ಬಸ್ಸು ಹತ್ತಿ, ತಾನೇ ಶೆಡ್ಡಿಗೆ ಹೋಗಿ ಹೀಟರ್ ಕೂರಿಸಿದಳು, ಅರ್ಥಿಂಗ್ ತಂತಿ ಕಟ್ಟಿದಳು. ಕೆಲಸದವರೆಲ್ಲ ನೋಡುತ್ತಿದ್ದಂತೆ ಸ್ವಿಚ್ ಹಾಕಿ, ಬೆಚ್ಚಗಾಗುತ್ತಿದ್ದ ನೀರಿನಲ್ಲಿ ತನ್ನ ಕೈ ಅದ್ದಿ ತೆಗೆದಳು.

"ಈಗ ನೀವು ಕೈ ಇಡ್ರಿ, ಸಾವ್ಕಾರ್ರೇ."

ಸ್ವಿಚ್ ಆರಿಸಿದರೆ ಇಡುತ್ತೇನೆ ಎಂದ ಚಂದ್ರಣ್ಣ.

"ಯಾಕ್ರಿ? ನೀವು ಕುಡಿದಿಲ್ವಲ್ಲ. ಕುಡಿದೋರಿಗೆ ತಾನೇ ಕರೆಂಟ್ ಹೊಡಿಯೋದು?"

ಚಂದ್ರಣ್ಣ ಕೈ ಚಾಚಿದ. ನೀರು ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡ. ಕೆಲಸದವರು ಹತ್ತಿರ ಸರಿದು ನಿಂತರು. ಕೊನೆಗೆ ನೆಲ ನೋಡುತ್ತ, ಹಳೆಯ ಹೀಟರ್ ಸೀಳಿದ್ದು ತನಗೆ ಗೊತ್ತಿತ್ತು ಎಂದು ಗೊಣಗಿದ.

"ಗಟ್ಟಿಯಾಗಿ ಹೇಳ್ರಿ. ಅವ್ನು ಕುಡಿದಿದ್ನಾ?"

"ಇಲ್ಲ."

ಯರ್ರಮ್ಮ ಕೈಯಲ್ಲಿದ್ದ ಲಡಿ ಕೆಳಗಿಟ್ಟು ಹೊರಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೊರಟರು. ಮದುವೆ ಸೀರೆಗಳ ಕೆಲಸ ಮೈಮೇಲಿದ್ದ ಚಂದ್ರಣ್ಣ, ಅವರನ್ನು ತಡೆ ಎಂದು ಜಗದಾಂಬಳತ್ತ ಕೈ ಮುಗಿದ. ಅವಳಿಗೆ ಅಯ್ಯೋ ಎನಿಸಲಿಲ್ಲ.

ಇನ್ನಾದರೂ ಸಮಾಧಾನವಾಯಿತೇ ಎಂದು ಪಾತಣ್ಣ ಮರುದಿನ ಕೇಳಿದ.

"ಇಲ್ಲ ಮಾವ. ಅಷ್ಟು ಜನ ಕೇಳಿಸ್ಕೊಂಡವ್ರೆ. ಅವ್ರನ್ನೆಲ್ಲ ಸಾಕ್ಷಿಗೆ ಠಾಣೆಗೆ ಕರ್ಕೊಂಡು ಹೋಗ್ತೀನಿ."