ಡ ಅಕ್ಷರದ ಹೊಟ್ಟೆ

ಸೋಡಾ ಅಂಗಡಿಯ ಗೋಡೆಯ ಮೇಲೆ 'ಸೋ' ಮುಗಿದು 'ಡಾ'ಕ್ಕೆ ಎರಡನೇ ಸಲ ಬಣ್ಣ ಬೀಳುತ್ತಿದ್ದಾಗ ಅಂಗಡಿಯವನ ಅಳಿಯ ಬಂದು ಏಣಿಯ ಬುಡದಲ್ಲಿ ನಿಂತ. ಊರಿಗೆಲ್ಲ ಬೋರ್ಡಕ್ಕ ಎಂದೇ ಗೊತ್ತಿದ್ದ ಹೆಂಗಸು ಕೆಳಗೆ ನೋಡಲಿಲ್ಲ. ಮೂವತ್ತು ವರ್ಷದಿಂದ ಗೋಡೆ ಬರೆಯುತ್ತಿರುವವಳು. ಏಣಿಯ ಬುಡದಲ್ಲಿ ನಿಂತು ಬುದ್ಧಿ ಹೇಳುವವರು ಅವಳಿಗೆ ಹೊಸಬರಲ್ಲ.

"ನಿಲ್ಸಿ. ಈ ಅಕ್ಷರ ನಿಮ್ಮದಲ್ಲ."

"ಮತ್ತೆ ನಿಮ್ಮಜ್ಜಂದಾ?"

ಅಳಿಯ ಜಾಹೀರಾತು ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಫೋನನ್ನು ಮೇಲಕ್ಕೆತ್ತಿ ಹಿಡಿದ. ಜ್ಯೂಸ್ ಬಾಟಲಿ, ಮಕ್ಕಳ ಅಂಗಿ, ನಾಟಕದ ಪೋಸ್ಟರು, ಕಾಫಿ ಕಪ್ಪು, ಎಲ್ಲದರ ಮೇಲೂ ದಪ್ಪ ದಪ್ಪ ಅಕ್ಷರಗಳು ಊಟ ಮಾಡಿ ಉಸ್ಸಪ್ಪಾ ಎಂದು ಕೂತಂತೆ ಕೂತಿದ್ದವು. 'ಡುಮ್ಮಣ್ಣ' ಎಂಬ ಕಂಪ್ಯೂಟರ್ ಫಾಂಟಂತೆ. ಹಳೇ ಕಾಲದ ಬೋರ್ಡಿನ ಗತ್ತು, ಜೊತೆಗೆ ಒಂದಿಷ್ಟು ತಮಾಷೆ. ಯಾವುದೋ ಕಂಪನಿಯ ಸ್ವತ್ತು.

"ಇದನ್ನ ಕಾಪಿ ಹೊಡೆದಿದೀರಿ. ಅದನ್ನೂ ನೆಟ್ಟಗೆ ಹೊಡೆದಿಲ್ಲ. ನಿಜವಾದ ಡುಮ್ಮಣ್ಣನ 'ಡ' ಬಲಗಡೆ ಹೊಟ್ಟೆ ಒಳಗೆ ಎಳ್ಕೊಂಡಿರುತ್ತೆ. ಅದೇ ಅದರ ಚೆಂದ. ನಿಮ್ಮದು ನೋಡಿ, ಊದ್ಕೊಂಡಿದೆ."

ಬೋರ್ಡಕ್ಕನಿಗೆ ಅಂಗಾಲಿನಲ್ಲಿ ಹೊತ್ತಿದ ಸಿಟ್ಟು ನೆತ್ತಿಗೇರಿತು. ಬಾಯಿಬಡುಕಿ ಅಂದವರಿದ್ದರು, ಗಂಡುಬೀರಿ ಅಂದವರಿದ್ದರು. ಕಾಪಿ ಹೊಡೆಯುವವಳು ಅಂದವರು ಇವತ್ತಿನವರೆಗೆ ಒಬ್ಬರೂ ಇರಲಿಲ್ಲ. ಬ್ರಷ್ಷನ್ನು ಡಬ್ಬಿಯಲ್ಲಿ ನೆಟ್ಟು ದಡದಡ ಇಳಿದಳು.

ಅಷ್ಟರಲ್ಲಿ ಸೋಡಾ ಅಂಗಡಿಯವನೂ ಹೊರಗೆ ಬಂದಿದ್ದ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕಂಪನಿಯವರು ಕೇಸು ಹಾಕಿದ್ರೆ ನಾನು ಸೋಡಾ ಮಾರೋದಾ, ಕೋರ್ಟಿಗೆ ಅಲೆಯೋದಾ? ಅಳಿಸಿಬಿಡಿ."

ಅಳಿಸಿದರೆ ನಾಳೆಯಿಂದ ಬೀದಿಬೀದಿಯಲ್ಲೂ ಅವಳು ಕದ್ದು ಬರೆಯುವವಳೇ. ಬೋರ್ಡಕ್ಕ ಫೋನು ಕಿತ್ತುಕೊಂಡು ಆ 'ಡ'ವನ್ನು ದಿಟ್ಟಿಸಿದಳು. ಬಲಗಡೆ ಉದ್ದಕ್ಕೆ ಒಂದು ತಗ್ಗು, ಯಾರೋ ಪಕ್ಕೆಗೆ ಗುದ್ದಿದ ಹಾಗೆ. ಆ ತಗ್ಗನ್ನು ಅವಳು ಎಲ್ಲೋ ಕಂಡಿದ್ದಳು. ಕಂಡದ್ದೇನು ಬಂತು, ಮಾಡಿದವಳೇ ಅವಳು.

"ಬನ್ನಿ ಇಬ್ರೂ," ಅಂದಳು.

ಮೂರು ಬೀದಿ ಆಚೆ ಕನ್ನಡಕದ ಅಂಗಡಿ. ಅದರ ಪಕ್ಕದ ಗೋಡೆಯ ಮೇಲೆ ಎದೆಯೆತ್ತರದ ನೀಲಿ ಅಕ್ಷರಗಳಲ್ಲಿ 'ಕನ್ನಡಕ' ಎಂದಿತ್ತು. ಬಣ್ಣ ಮಾಸಿದ್ದರೂ ಗತ್ತು ಮಾಸಿರಲಿಲ್ಲ. 'ಡ' ಬಲಗಡೆ ಹೊಟ್ಟೆ ಒಳಗೆಳೆದುಕೊಂಡು ನಿಂತಿತ್ತು. ಅದಕ್ಕೂ ಮುಂದಿನ 'ಕ'ಕ್ಕೂ ನಡುವೆ ಮೇಲಿಂದ ಕೆಳಗೆ ಬೋಳು ಗಾರೆಯ ಪಟ್ಟಿ, ಅದರಲ್ಲಿ ಸಾಲಾಗಿ ಮೂರು ಮೊಳೆಯ ತೂತು.

"ತಾತಾ, ಇಲ್ಲಿ ಏನಿತ್ತು?"

ಅಂಗಡಿಯ ಮುದುಕ ಕನ್ನಡಕವನ್ನು ಹಣೆಗೇರಿಸಿದ. "ನೀರಿನ ಪೈಪು ಕಣಮ್ಮ, ಮರೆತ್ಯಾ? ಕೀಳ್ಸು ಕೀಳ್ಸು ಅಂತ ಎರಡು ದಿನ ನನ್ನ ಉಗಿದೆ. ನಾನು ಜಗ್ಗಲಿಲ್ಲ. ಆಮೇಲೆ ನೀನೇ ಅಕ್ಷರದ ಹೊಟ್ಟೆ ಒಳಗೆ ತಳ್ಳಿದೆ. ಈಗ ನೋಡು, ಪೈಪು ತುಕ್ಕು ಹಿಡಿದು ಬಿತ್ತು, ಹೊಟ್ಟೆ ಹಾಗೇ ಇದೆ."

"ಗೋಡೆ ಫೋಟೋ ಯಾರಾದ್ರೂ ತೆಗೆದಿದ್ರಾ?"

"ಒಬ್ಬ ಬಂದಿದ್ದ. ಮೂರು ದಿನ ಟೇಪು ಹಿಡಿದು ಅಳೆದ. ಎಲ್ಲಾ ಅಂಗಡೀಲೂ ನಿನ್ನ ಕೈ ಅಕ್ಷರಾನೇ ಹುಡುಕ್ತಿದ್ದ. ಇಷ್ಟೊಂದು ನೋಡ್ತಾನಲ್ಲ, ಕಣ್ಣು ಮಂಜಾಗಿರಬೇಕು, ವ್ಯಾಪಾರ ಆಗುತ್ತೆ ಅಂದ್ಕೊಂಡೆ. ಒಂದು ಕನ್ನಡಕಾನೂ ತಗೊಳ್ಲಿಲ್ಲ, ದರಿದ್ರದವನು."

ಅಳಿಯ ಫೋನನ್ನು ಗೋಡೆಯ ಪಕ್ಕ ಹಿಡಿದು ನೋಡಿದ. ಮೊಳೆಯ ತೂತಿಗೆ ಬೆರಳು ತುರುಕಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಆಯ್ತು, ನಿಮ್ಮದೇ ಅಂತಿಟ್ಕೊಳ್ಳೋಣ. ಆದ್ರೆ ಜನಕ್ಕೆ ಈಗ ಒಳಹೊಟ್ಟೆಯ 'ಡ'ನೇ ಪರಿಚಯ. ಅದೇ ಥರ ಬರೆದುಬಿಡಿ."

"ಒಂಚೂರು ಒಳಗೆ ಎಳೆದ್ರೆ ಆಗಲ್ವಾ ಅಕ್ಕಾ?" ಮಾವನೂ ರಾಗ ಎಳೆದ.

"ಪೈಪು ತಂದು ನಿಲ್ಸಿ, ಎಳೀತೀನಿ. ಇಲ್ಲದ ಪೈಪಿಗೆ ನನ್ನ ಅಕ್ಷರ ದಾರಿ ಬಿಡಲ್ಲ. ಆ ಕಂಪನಿಯವನಿಗೆ ತಗ್ಗು ಯಾಕೆ ಬಂತು ಅಂತಾನೇ ಗೊತ್ತಿಲ್ಲ, ಅದನ್ನೇ ಚೆಂದ ಅಂತ ಮಾರ್ತಿದಾನೆ. ನಾನೂ ಅದನ್ನೇ ಬರೀಬೇಕಾ, ನನ್ನನ್ನೇ ಕಾಪಿ ಹೊಡೆದವನನ್ನ ಕಾಪಿ ಹೊಡ್ಕೊಂಡು? ಬೇಡ ಅಂದ್ರೆ ಈಗಲೇ ಹೇಳಿ. ಬಿಳಿ ಬಣ್ಣ ಬಳಿದು ಏಣಿ ಹೊತ್ಕೊಂಡು ಹೋಗ್ತೀನಿ."

ಸೋಡಾ ಅಂಗಡಿಯವನು ಬೋಳು ಪಟ್ಟಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದ. ತನ್ನ ಅಂಗಡಿಯ ಕಡೆ ಹೊರಟ. ಅಲ್ಲಿಗೆ ಮುಟ್ಟಿದ ಮೇಲೆ ಹೇಳಿದ:

"ಅಳಿಯಂದ್ರೇ, ನೆಲ ಜಾರುತ್ತೆ. ಅಕ್ಕನ ಏಣಿ ಸ್ವಲ್ಪ ಹಿಡ್ಕೊಳ್ಳಿ."

ಬೋರ್ಡಕ್ಕ ಹತ್ತಿದಳು. 'ಡಾ'ದ ಹೊಟ್ಟೆಗೆ ಇನ್ನೂ ಎರಡು ಬೆರಳು ಬಣ್ಣ ಸೇರಿಸಿ ಗುಂಡಗೆ ಮಾಡಿದಳು. ಇಷ್ಟು ವರ್ಷ ಯಾವ ಬೋರ್ಡಿನಡಿಯಲ್ಲೂ ಅವಳು ಹೆಸರು ಹಾಕಿದವಳಲ್ಲ. ಇವತ್ತು ಎರಡು ಮೆಟ್ಟಿಲು ಇಳಿದು, ಅಂಥವೇ ದಪ್ಪ ಅಕ್ಷರಗಳಲ್ಲಿ 'ಬೋರ್ಡಕ್ಕ' ಎಂದು ಬರೆಯತೊಡಗಿದಳು.

"ಹೆಸರು ಇಷ್ಟು ದೊಡ್ಡದಾ?" ಅಳಿಯ ಕೆಳಗಿನಿಂದ ಕೇಳಿದ.

"ಮಾತಾಡ್ಬೇಡಿ," ಅಂದಳು. "ಏಣಿ ಅಲುಗುತ್ತೆ."