ಬಿಳಿಜೋಳದ ಮೇಲೆ ಎಳ್ಳು

ನಮ್ಮ ಕಂಪನಿಯ ರೊಟ್ಟಿ ಮಶೀನಿಗೆ ಒಂದು ಕೆಟ್ಟ ಚಾಳಿಯಿತ್ತು. ಮೊದಲನೇ ರೊಟ್ಟಿ ಹರಿದೇ ಹೊರಬರುತ್ತಿತ್ತು. ಮಶೀನನ್ನು ಊರೂರಿಗೆ ಒಯ್ದು ಜನರಿಗೆ ತೋರಿಸುತ್ತಿದ್ದ ಉಸ್ಮಾನಸಾಬರು ಆ ಚಾಳಿಯನ್ನೂ ಆಟ ಮಾಡಿಕೊಂಡಿದ್ದರು. "ಹರದದ್ದು ನನಗ, ಹಸನಾದದ್ದು ನಿಮಗ" ಎಂದು ಮೊದಲನೆಯದನ್ನು ತಾವೇ ತಿಂದು, ಎರಡನೆಯದನ್ನು ಎದುರಿಗೆ ಕೂತ ಯಾವುದಾದರೂ ಅಜ್ಜಿಯ ಕೈಗಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮನೆಗಿರಣಿ ತೋರಿಸುತ್ತಿದ್ದ ಕಾಲದಿಂದಲೂ ಅವರು ಹಾಗೆಯೇ. ಒಮ್ಮೆ ಅಮ್ಮಿನಬಾವಿಯಲ್ಲಿ ಗಿರಣಿ ಚಾಲೂ ಮಾಡುವ ಹೊತ್ತಿಗೇ ಕರೆಂಟು ಹೋಯಿತು. "ಕರೆಂಟಿಗೂ ಹಶುವಾಗೇತಿ, ಉಂಡು ಬರ್ತೈತ್ರಿ" ಎಂದವರೇ, ಅದು ಬರುವ ತನಕ ಹೆಂಗಸರಿಂದ ಬೀಸುವ ಪದ ಹಾಡಿಸಿದರು. ಮುಂದೆ ಏನು ಹೇಳುತ್ತೇನೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಜನ ಬರುತ್ತಿದ್ದುದೇ ಅದಕ್ಕೆ.

ಎರಡು ಸಾವಿರದ ಏಳರಲ್ಲಿ ಹೊಸ ಮಾದರಿಯ ಮಶೀನು ಬಂತು, ಚಾಳಿ ಮಾತ್ರ ಹಳೆಯದೇ. ಅದರ ಜೊತೆಗೆ ಹನಮೇಶ ಎಂಬ ಹೊಸ ಮ್ಯಾನೇಜರೂ ಬಂದ. ಹುಟ್ಟಿದ್ದು ಹುಬ್ಬಳ್ಳಿಯಲ್ಲೇ; ಆದರೆ ಪರದೇಶದ ಕಂಪನಿಗಳು ಹೊಸ ಸಾಮಾನು ಬಿಡುಗಡೆ ಮಾಡುವ ಸಿ.ಡಿ.ಗಳನ್ನು ನೋಡಿ ನೋಡಿ ಅವನ ತಲೆ ತಿರುಗಿತ್ತು. ಕಪ್ಪು ವೇದಿಕೆ, ಒಂದೇ ದೀಪ, ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಮಾತೆಲ್ಲ ಮೊದಲೇ ಟೈಪಾಗಿರಬೇಕು. ಸ್ಲೈಡು ಬದಲಿಸುವ, ಮುದ್ರಿಸಿದ ಧ್ವನಿ ಬಿಡುವ ಕೆಲಸ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನನ್ನದು.

ತಾಲೀಮಿನಲ್ಲಿ ಉಸ್ಮಾನಸಾಬರು ಹಾಳೆ ಹಿಡಿದು ಓದಿದರು: "ಬನ್ನಿ, ನಾಳಿನ ರೊಟ್ಟಿಯನ್ನು ಇಂದೇ ತಟ್ಟೋಣ." ಓದಿ ತಲೆಯೆತ್ತಿದರು. "ಸಾಹೇಬರ, ರೊಟ್ಟಿ ಬಡೀತಾರ್ರಿ. ತಟ್ಟೂದು ಸಗಣಿ ಕುಳ್ಳು."

ನಾನು ನಕ್ಕೆ. ಹನಮೇಶ ನಗಲಿಲ್ಲ.

"ಸಾಬರ, ಹಾಳ್ಯಾಗ ಇದ್ದದ್ದಷ್ಟ ಹೇಳ್ರಿ. ಒಂದು ಮಾತು ಆಚೀಚಿ ಆದ್ರೂ ಮುಂದಿನ ಊರಿಗೆ ನಿಮ್ಮ ಬದ್ಲಿ ರೆಕಾರ್ಡ ಮಾಡಿದ ಸಿ.ಡಿ. ಹೋಗ್ತೈತಿ, ನೀವು ಹೋಗಂಗಿಲ್ಲ."

ಮಾಲೀಕರಾದ ಗುರುಶಿದ್ದಪ್ಪನವರು ಅಲ್ಲೇ ಕೂತಿದ್ದರು. ಅವರು ಫ್ಯಾನು ನೋಡುತ್ತಿದ್ದರು.

ಹೊರಗೆ ಬಂದಾಗ ಸಾಬರ ಮುಖ ಬಾಡಿತ್ತು. "ಜನರ ಮುಂದ ನಿಂದ್ರೂದು ತಪ್ಪಿಸಿದ್ರ ನಾ ಹೆಂಗ ಇರ್ಲಿ ತಂಗೀ?" ಎಂದರು. ನಾನು ಒಳಗೆ ಹೋಗಿ ಸ್ಲೈಡುಗಳನ್ನು ಜೋಡಿಸತೊಡಗಿದೆ.

ಹರಿದ ರೊಟ್ಟಿ ಪರದೆಯ ಮೇಲೆ ಕಾಣಬಾರದೆಂದು ಹನಮೇಶ ಇನ್ನೊಂದು ಉಪಾಯ ಹೂಡಿದ. ಮಶೀನಿನ ಹೊಟ್ಟೆಯೊಳಗೆ ಒಂದು ಗುಪ್ತ ಟ್ರೇ. ಅದರಲ್ಲಿ ಮೊದಲೇ ಬಡಿದ ರೊಟ್ಟಿಗಳು. ಹಸಿರು ಗುಂಡಿ ಒತ್ತಿದರೆ ಮಶೀನು ಬರೀ ಗುರ್ ಎನ್ನುತ್ತದೆ, ಟ್ರೇದಿಂದ ರೊಟ್ಟಿ ಜಾರಿ ಹೊರಬರುತ್ತದೆ. ಆ ರೊಟ್ಟಿಗಳನ್ನು ಪಕ್ಕದ ಖಾನಾವಳಿಯ ಫಕೀರವ್ವನಿಗೆ ಹೇಳಿ ಮಾಡಿಸಿದ. ಗುಟ್ಟು ಹೊರಬೀಳಬಾರದೆಂದು, ಆಕೆ ಕಟ್ಟಿಕೊಟ್ಟ ಅರಿವೆಯ ಗಂಟನ್ನು ಕೊನೆಯ ಗಳಿಗೆಯ ತನಕ ಬಿಚ್ಚಲಿಲ್ಲ. ಬಿಚ್ಚಿದ್ದು ಬಿಡುಗಡೆ ಇಟ್ಟುಕೊಂಡಿದ್ದ ಹೋಟೆಲಿನ ಸಭಾಂಗಣದಲ್ಲಿ, ಪರದೆಯ ಹಿಂದೆ, ಕತ್ತಲಲ್ಲಿ.

ಅಂದು ಭೋಗಿ, ಸಂಕ್ರಾಂತಿಯ ಹಿಂದಿನ ದಿನ. ಸಭಾಂಗಣ ತುಂಬಿತ್ತು. ದೀಪ ಆರಿತು, ಒಂದೇ ಬೆಳಕು ಸಾಬರ ಮೇಲೆ ಬಿತ್ತು. ಕೋಟು ತೊಡಿಸಿದ್ದರು, ಬೇರೆಯವರ ಕೋಟೆಂದು ದೂರದಿಂದಲೇ ತಿಳಿಯುತ್ತಿತ್ತು. ಹಾಳೆಯ ಮಾತುಗಳನ್ನು ಒಂದೂ ತಪ್ಪದೆ ಒಪ್ಪಿಸಿ, ಬಿಳಿಜೋಳದ ಹಿಟ್ಟು ನಾದಿ ಇಟ್ಟು, ಗುಂಡಿ ಒತ್ತಿದರು. "ಅಪ್ಪಟ ಬಿಳಿಜೋಳ" ಎಂದಿತು ಧ್ವನಿ. ರೊಟ್ಟಿ ಜಾರಿ ಬಂತು, ಪರದೆಯ ಮೇಲೆ ಗಾಡಿ ಚಕ್ರದಷ್ಟು ದೊಡ್ಡದಾಗಿ ಕಂಡಿತು.

ಅದರ ತುಂಬ ಕರಿ ಎಳ್ಳು.

ಭೋಗಿಯ ದಿನ ಎಳ್ಳು ಹಚ್ಚದೆ ನಮ್ಮ ಕಡೆ ಯಾರು ರೊಟ್ಟಿ ಬಡಿಯುತ್ತಾರೆ? ಫಕೀರವ್ವ ಕೇಳುವ ಮಾತೇ ಇರಲಿಲ್ಲ, ಹಚ್ಚಿದ್ದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಶೇವಂತೆವ್ವ ಎಂಬ ಹೆಂಗಸು ಎದ್ದೇಬಿಟ್ಟಳು. "ಸಾಬರ, ಹಾಕಿದ ಹಿಟ್ಟಿನ್ಯಾಗ ಎಳ್ಳ ಇರಲಿಲ್ಲಲ್ರಿ? ಎಲ್ಲಿಂದ ಬಂತು?"

ಪರದೆಯ ಬದಿಯಿಂದ ಹನಮೇಶ ನನಗೆ ಕೈಸನ್ನೆ ಮಾಡತೊಡಗಿದ: ಮುಂದಿನ ಸ್ಲೈಡು, ಮುಂದಿನ ಸ್ಲೈಡು! ನಾನು ಒತ್ತಿದರೆ ಧ್ವನಿ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಒತ್ತದಿದ್ದರೆ ಸಾಬರು ಬಾಯಿ ತೆರೆಯಲೇಬೇಕು, ತೆರೆದರೆ ಅವರ ಕೆಲಸಕ್ಕೇ ಸಂಚಕಾರ. ಸಾಬರು ನನ್ನತ್ತ ನೋಡಿದರು. ಮೌಸಿನ ಮೇಲಿಂದ ಕೈ ತೆಗೆದೆ.

ಸಾಬರು ಕೋಟು ಕಳಚಿ ಕುರ್ಚಿಯ ಮೇಲೆ ಒಗೆದರು.

"ಅವ್ವಾರ, ಇವತ್ತ ಭೋಗಿ ಅಂತ ಮಶೀನಿಗೂ ಗೊತ್ತಾಗೇತ್ರಿ!"

ಜನರೆಲ್ಲ ನಕ್ಕರು. ನಗು ಮುಗಿಯುವ ತನಕ ಕಾಯ್ದು ಮುಂದುವರಿದರು. "ಆದ್ರ ಖರೇ ಹೇಳ್ತೇನಿ. ಇದು ಮಶೀನ ಬಡದದ್ದಲ್ಲ, ನಮ್ಮ ಫಕೀರವ್ವ ಬಡದದ್ದು. ಇದನ್ನ ತಿನಕೋತ ಕೂಡ್ರಿ. ಮಶೀನಿಂದು ಈಗ ತೋರಸ್ತೇನಿ." ಗುಪ್ತ ಟ್ರೇಯನ್ನೇ ಎಳೆದು ಎಲ್ಲರಿಗೂ ಹಂಚಿದರು. ಟ್ರೇ ತೆಗೆದ ಮಶೀನಿನಲ್ಲಿ ಮತ್ತೆ ಹಿಟ್ಟು ನಾದಿ ಇಟ್ಟರು. ಮೊದಲನೆಯದು ಹರಿದು ಬಂತು. "ಹರದದ್ದು ನನಗ!" ಎರಡನೆಯದು ಹುಣ್ಣಿಮೆಯ ಚಂದ್ರನಂತೆ ಬಂತು, ಶೇವಂತೆವ್ವನ ಕೈಗೆ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು. ನಾವು ಗೆದ್ದೆವು ಎಂದುಕೊಂಡೆ.

ಮರುವಾರ ಗುರುಶಿದ್ದಪ್ಪನವರು ಬಂದ ಆರ್ಡರುಗಳ ಖುಷಿಯಲ್ಲಿ ಎಲ್ಲರನ್ನೂ ಕರೆದರು. "ಭೋಗಿ ದಿನ ಆದದ್ದು ಎಲ್ಲಾ ಊರಾಗ ಆಗ್ಬೇಕು, ಹಂಗ ಹಂಗ" ಎಂದರು. ಹನಮೇಶ ಹೊಸ ಹಾಳೆಗಳನ್ನು ಹಂಚಿದ. ಎಲ್ಲವೂ ಟೈಪಾಗಿತ್ತು. ಎಳ್ಳಿನ ರೊಟ್ಟಿ ಜಾರಬೇಕು. ಮುಂದಿನ ಸಾಲಿನಿಂದ ನಾವೇ ಕೂಡಿಸಿದ ಹೆಂಗಸು ಎದ್ದು ಕೇಳಬೇಕು. ಕೋಟು ಕಳಚಬೇಕು. ಇಲ್ಲಿ ನಗು. ಅಷ್ಟರಲ್ಲಿ ಮಶೀನಿನ ಚಾಳಿಯನ್ನು ರಿಪೇರಿ ಮಾಡಿದ್ದರು, ಮೊದಲನೇ ರೊಟ್ಟಿಯೂ ಹಸನಾಗಿ ಬರುತ್ತಿತ್ತು. ಹಾಗಾಗಿ ಹರಿದ ರೊಟ್ಟಿಯೊಂದನ್ನು ಒಳಗೆ ಇನ್ನೊಂದು ಗುಪ್ತ ಟ್ರೇಯಲ್ಲಿ ಮೊದಲೇ ಇಡಬೇಕಾಯಿತು.

"ನಿಮ್ಮವ ಮಾತಲ್ಲೇನ್ರಿ ಸಾಬರ?" ಎಂದ ಹನಮೇಶ.

ಸಾಬರು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡರು. ಅವರವೇ ಮಾತು, ನಿಜ. ತಾವು ಬಿಟ್ಟರೆ ಸಿ.ಡಿ. ಹೋಗುತ್ತದೆ ಎಂಬುದೂ ನಿಜ.

ಊರ ಮೇಲೆ ಊರು ತಿರುಗಿದೆವು. ಭೋಗಿ ಮುಗಿದು ಹೋಳಿ ಬಂದರೂ ಮಶೀನಿಗೆ 'ಇವತ್ತ ಭೋಗಿ' ಎಂದು ಗೊತ್ತಾಗುತ್ತಲೇ ಇತ್ತು. ಕೋಟು ಪ್ರತಿ ಸಲವೂ ಅದೇ ಕುರ್ಚಿಯ ಮೇಲೆ ಬೀಳುತ್ತಿತ್ತು. ನಗು ಬರಲಿ, ಬರದಿರಲಿ, ಸಾಬರು ಅಷ್ಟೇ ಹೊತ್ತು ನಿಲ್ಲುತ್ತಿದ್ದರು.

ಗದಗಿನಲ್ಲಿ, ಹರಿದ ರೊಟ್ಟಿಯ ಆಟವೂ ಮುಗಿದ ಮೇಲೆ, ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದಳು. ನಾವು ಕೂಡಿಸಿದವಳಲ್ಲ. "ಯಪ್ಪಾ, ನನ್ನ ಕೈ ನಡಗ್ತಾವು. ಈ ಗುಂಡಿ ನನ್ನಂಥಾಕಿಗೆ ಒತ್ತಾಕ ಬರ್ತೈತೇನು?"

ನನಗೆ ಜೀವ ಬಂದಂತಾಯಿತು. ಮೌಸಿನ ಮೇಲಿಂದ ಕೈ ತೆಗೆದೆ. ಹಿಂದಿನ ಉಸ್ಮಾನಸಾಬರಾಗಿದ್ದರೆ ಅಷ್ಟೊತ್ತಿಗೆ ವೇದಿಕೆ ಇಳಿದು, ಅಜ್ಜಿಯ ಕೈ ಹಿಡಿದು ತಂದು ಗುಂಡಿ ಒತ್ತಿಸುತ್ತಿದ್ದರು. ಬರ್ರಿ ಸಾಬರ, ಇಳೀರಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

ಸಾಬರು ಪರದೆಯತ್ತ ನೋಡಿದರು. ನನ್ನತ್ತ ನೋಡಿದರು.

"ಕೂಡ್ರಿ ಅವ್ವಾರ," ಎಂದರು ಕೊನೆಗೆ. "ಅದು ಮುಂದಿನ ಸ್ಲೈಡಿನ್ಯಾಗ ಬರ್ತೈತಿ."

ಅಜ್ಜಿ ನಂಬಿ ಕೂತಳು. ನಡುಗುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡತೊಡಗಿದಳು. ನಾನು ಒತ್ತಿದೆ. ಮಶೀನು ಯಾವ ಯಾವ ಬಣ್ಣದಲ್ಲಿ ಸಿಗುತ್ತದೆಂಬ ಚಿತ್ರ ಬಂತು.